ತಲೆಯೊಳಗನ್ನು ನೋವಿಲ್ಲದೆ ನೋಡಿದವರು

ತಲೆಗೆ ಪೆಟ್ಟಾದವರನ್ನು ಆಸ್ಪತ್ರೆಗೆ ಕರೆತಂದರೆ ಇವತ್ತು ಡಾಕ್ಟರು ಮೊದಲು ಹೇಳುವ ಮಾತು, ‘ಒಂದು ಸಿಟಿ ಮಾಡಿಸ್ಕೊಂಡು ಬನ್ನಿ’. ಆ ಸಿಟಿ ಸ್ಕ್ಯಾನಿನ ತವರುಮನೆ ಲಂಡನ್ನಿನ ವಿಂಬಲ್ಡನ್‌ನಲ್ಲಿದ್ದ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯ ಎಕ್ಸ್‌ರೇ ವಿಭಾಗ.

ಆಟ್ಕಿನ್ಸನ್ ಮಾರ್ಲಿ ಒಬ್ಬ ಹೋಟೆಲ್ ಮಾಲೀಕ. ಸೇಂಟ್ ಜಾರ್ಜ್ ಆಸ್ಪತ್ರೆಯ ಬಡರೋಗಿಗಳು ಚೇತರಿಸಿಕೊಳ್ಳುವುದಕ್ಕೊಂದು ಜಾಗ ಬೇಕೆಂದು ಅವರು ಬಿಟ್ಟುಹೋದ ಹಣದಿಂದ 1869ರಲ್ಲಿ ಈ ಆಸ್ಪತ್ರೆ ತೆರೆಯಿತು. ಎರಡನೇ ಮಹಾಯುದ್ಧದ ಕಾಲಕ್ಕೆ ಸರ್ಜನ್ ವೈಲಿ ಮೆಕಿಸಾಕ್ ಇದನ್ನು ಮೆದುಳಿನ ಶಸ್ತ್ರಚಿಕಿತ್ಸೆಯ ಕೇಂದ್ರವಾಗಿ ಬೆಳೆಸಿದರು.

ಮೆದುಳಿನ ಆಸ್ಪತ್ರೆಯಾದರೂ ಮೆದುಳು ಮಾತ್ರ ಯಾರಿಗೂ ಕಾಣುತ್ತಿರಲಿಲ್ಲ. ಸಾಮಾನ್ಯ ಎಕ್ಸ್‌ರೇಯಲ್ಲಿ ತಲೆಬುರುಡೆ ಮೂಡುತ್ತದೆ, ಒಳಗಿನದು ಮೂಡುವುದಿಲ್ಲ. ಅದಕ್ಕಾಗಿ ಬೆನ್ನಿಗೆ ಸೂಜಿ ಚುಚ್ಚಿ, ಬೆನ್ನುಹುರಿಯ ಸುತ್ತಲಿನ ದ್ರವ ತೆಗೆದು, ಗಾಳಿ ತುಂಬುತ್ತಿದ್ದರು. ಗಾಳಿ ಮೇಲೇರಿ ಮೆದುಳಿನ ಕುಳಿಗಳನ್ನು ಸೇರಿದ ಮೇಲೆ ಎಕ್ಸ್‌ರೇ. ಆ ಕುಳಿ ಓರೆಯಾಗಿದ್ದರೆ ಪಕ್ಕದಲ್ಲೆಲ್ಲೋ ಗಡ್ಡೆ ಇದೆ ಎಂದು ಊಹೆ. ಆಮೇಲೆ ರೋಗಿಗೆ ದಿನಗಟ್ಟಲೆ ತಲೆಸಿಡಿತ, ವಾಂತಿ. ಕಾಯಿಲೆ ಪತ್ತೆಮಾಡಲು ಕಾಯಿಲೆಯಷ್ಟೇ ಹಿಂಸೆ ಕೊಡಬೇಕಾಗಿದ್ದ ದಿನಗಳವು.

ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಡಾ. ಜೇಮ್ಸ್ ಆಂಬ್ರೋಸ್ ಈ ವಿಭಾಗದ ರೇಡಿಯಾಲಜಿಸ್ಟ್. ಈ ಲೇಖನ ಬರೆಯಲು ಕೂತದ್ದೇ ಅವರಿಗಾಗಿ. ರೋಗಿಗೆ ನೋವು ಕೊಡದೆ ಮೆದುಳನ್ನು ನೋಡುವ ದಾರಿಯನ್ನು ಅವರು ಮೊದಲು ಅಲ್ಟ್ರಾಸೌಂಡಿನಲ್ಲಿ ಹುಡುಕಿದ್ದರು. ಅಂಥವರ ಬಳಿಗೆ ಬ್ರಿಟನ್ನಿನ ಆರೋಗ್ಯ ಇಲಾಖೆ ಕಳಿಸಿದ್ದು ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರರನ್ನು. ಬೀಟಲ್ಸ್ ತಂಡದ ರೆಕಾರ್ಡುಗಳನ್ನು ಹೊರತಂದ ಇಎಂಐ ಕಂಪನಿಯ ನೌಕರ, ವಿಶ್ವವಿದ್ಯಾಲಯದ ಪದವಿ ಇಲ್ಲದವರು. ತಲೆಯನ್ನು ಎಲ್ಲ ಕೋನಗಳಿಂದಲೂ ಎಕ್ಸ್‌ರೇಯಿಂದ ಅಳೆದು, ಆ ಅಂಕಿಗಳನ್ನು ಕಂಪ್ಯೂಟರಿಗೆ ಕೊಟ್ಟರೆ ಒಳಗಿನ ಚಿತ್ರ ಬರುತ್ತದೆ ಎನ್ನುವುದು ಅವರ ವಾದ. ಪ್ರಯೋಗಶಾಲೆಯಲ್ಲಿ ಅವರ ಮೊದಲ ಚಿತ್ರಕ್ಕೆ ಒಂಬತ್ತು ದಿನ ಹಿಡಿದಿತ್ತು. ಅಷ್ಟು ಹೊತ್ತು ಯಾವ ರೋಗಿ ಅಲ್ಲಾಡದೆ ಮಲಗುತ್ತಾನೆ?

ಆಂಬ್ರೋಸ್ ಈ ಎಂಜಿನಿಯರರನ್ನು ಬರಿಗೈಲಿ ಕಳಿಸಲಿಲ್ಲ. ಗಡ್ಡೆಯಿದ್ದ ಮೆದುಳೊಂದನ್ನು ಸೀಸೆಯಲ್ಲಿ ಕಾಪಿಟ್ಟಿದ್ದರು. ಅದನ್ನು ಕೈಗಿತ್ತು, ಇದರ ಚಿತ್ರ ತೆಗೆದು ತನ್ನಿ ಎಂದರು. ಕೆಲವು ವಾರಗಳ ಮೇಲೆ ಬಂದ ಚಿತ್ರದಲ್ಲಿ ಗಡ್ಡೆ ಬೇರೆಯಾಗಿಯೇ ಕಾಣುತ್ತಿತ್ತು. ನನಗೆ ಈ ಸೀಸೆಯ ಪ್ರಸಂಗವೇ ಇಡೀ ಕಥೆಯಲ್ಲಿ ದೊಡ್ಡದು. ಯಂತ್ರ ಕಟ್ಟುವ ಬುದ್ಧಿ ಎಂಜಿನಿಯರರದ್ದು, ನಿಜ. ಆದರೆ ಅದು ಏನನ್ನು ತೋರಿಸಬೇಕು ಎಂಬುದು ದಿನವೂ ರೋಗಿಗಳ ನರಳಾಟ ನೋಡುತ್ತಿದ್ದವರಿಗೇ ಗೊತ್ತಿತ್ತು.

1971ರ ಅಕ್ಟೋಬರ್ 1ರಂದು ಮೊದಲ ರೋಗಿಯನ್ನು ಯಂತ್ರದಲ್ಲಿ ಮಲಗಿಸಿದರು. ಮೆದುಳಿನ ಮುಂಭಾಗದಲ್ಲಿ ಗಡ್ಡೆಯಿರಬಹುದೆಂಬ ಅನುಮಾನವಿದ್ದ ಮಹಿಳೆ. ತಲೆಯ ಸುತ್ತ ನೀರು ತುಂಬಿದ ರಬ್ಬರ್ ಚೀಲ. ಎಕ್ಸ್‌ರೇ ಕೊಳವೆ ಒಂದೊಂದೇ ಡಿಗ್ರಿ ತಿರುಗುತ್ತ 180 ಕೋನಗಳಿಂದ ಅಳೆಯಿತು. ಪ್ರತಿ ಕೋನಕ್ಕೂ 160 ಅಳತೆ. ಚಿತ್ರ ಕಟ್ಟುವ ಕಂಪ್ಯೂಟರ್ ಆಸ್ಪತ್ರೆಯಲ್ಲಿರಲಿಲ್ಲ. ಟೇಪುಗಳನ್ನು ಲಂಡನ್ನಿನ ಇನ್ನೊಂದು ಮಗ್ಗುಲಿನ ಇಎಂಐಗೆ ಸಾಗಿಸಬೇಕಿತ್ತು. ಕೊನೆಗೆ ಬಂದ ಚಿತ್ರ ಉದ್ದಕ್ಕೂ ಅಡ್ಡಕ್ಕೂ 80 ಚೌಕಗಳಷ್ಟೇ. ಇವತ್ತಿನ ಕಣ್ಣಿಗೆ ತೀರಾ ಒರಟು. ಆದರೂ ಮೆದುಳಿನೊಳಗೆ ದುಂಡನೆಯ ಕಪ್ಪು ಮಚ್ಚೆ ಸ್ಪಷ್ಟವಾಗಿತ್ತು. ಸರ್ಜನ್ ತಲೆ ತೆರೆದಾಗ ಗಡ್ಡೆ ಚಿತ್ರದಲ್ಲಿ ಕಂಡಂತೆಯೇ ಇತ್ತು. ಗೆಲುವಿನ ಗೋಲು ಹೊಡೆದ ಫುಟ್‌ಬಾಲ್ ಆಟಗಾರರ ಹಾಗೆ ತಾವಿಬ್ಬರೂ ಹಿಗ್ಗಿದ್ದನ್ನು ಆಂಬ್ರೋಸ್ ಮುಂದೆ ನೆನಪಿಸಿಕೊಂಡಿದ್ದಾರೆ.

1972ರಲ್ಲಿ ಸುದ್ದಿ ಹೊರಬಿತ್ತು. ಮುಂದಿನ ವರ್ಷ ಇಬ್ಬರ ಪ್ರಬಂಧಗಳೂ ಒಟ್ಟಿಗೆ ಅಚ್ಚಾದವು: ಯಂತ್ರದ ವಿವರಣೆ ಹೌನ್ಸ್‌ಫೀಲ್ಡ್‌ರದ್ದು, ರೋಗಿಗಳ ಮೇಲಿನ ಬಳಕೆ ಆಂಬ್ರೋಸ್‌ರದ್ದು. ಬೆನ್ನಿಗೆ ಚುಚ್ಚಿ ಗಾಳಿ ತುಂಬುವ ಪರೀಕ್ಷೆ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಮಿಕ್ಕ ಬೆಳವಣಿಗೆ ಎಲ್ಲರಿಗೂ ಗೊತ್ತಿರುವುದೇ. ನಮ್ಮ ಜಿಲ್ಲಾ ಕೇಂದ್ರಗಳಲ್ಲೂ ಈಗ ಸ್ಕ್ಯಾನಿಂಗ್ ಸೆಂಟರುಗಳ ಬೋರ್ಡು ಕಾಣುತ್ತದೆ.

1979ರ ನೊಬೆಲ್ ಹೌನ್ಸ್‌ಫೀಲ್ಡ್ ಮತ್ತು ಲೆಕ್ಕದ ದಾರಿ ಮೊದಲೇ ತೋರಿಸಿದ್ದ ಭೌತವಿಜ್ಞಾನಿ ಅಲನ್ ಕಾರ್ಮ್ಯಾಕ್ ಅವರಿಗೆ ಬಂತು. ಊತಕ ಎಷ್ಟು ಗಟ್ಟಿ ಎಂದು ಅಳೆಯುವ ಮಾನಕ್ಕೂ ಹೌನ್ಸ್‌ಫೀಲ್ಡ್ ಹೆಸರೇ: ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000. ಸಿಟಿ ರಿಪೋರ್ಟುಗಳಲ್ಲಿ ‘ಎಚ್‌ಯು’ ಎಂದು ಬರೆಯುವುದು ಅದನ್ನೇ. ಆಂಬ್ರೋಸ್ ಹೆಸರು ಯಾವ ರಿಪೋರ್ಟಿನಲ್ಲೂ ಇಲ್ಲ. 2006ರಲ್ಲಿ ಅವರು ತೀರಿಕೊಂಡರು.

ಅದಕ್ಕೂ ಮೊದಲೇ, 2003ರಲ್ಲಿ, ಆಸ್ಪತ್ರೆ ಮುಚ್ಚಿತ್ತು. ಮೆದುಳಿನ ಚಿಕಿತ್ಸೆ ಟೂಟಿಂಗ್‌ನ ಸೇಂಟ್ ಜಾರ್ಜ್ ಆಸ್ಪತ್ರೆಗೆ ಹೋಯಿತು. ಅಲ್ಲಿನ ಒಂದು ಕಟ್ಟಡ ಆಟ್ಕಿನ್ಸನ್ ಮಾರ್ಲಿ ಹೆಸರನ್ನು ಉಳಿಸಿಕೊಂಡಿದೆ. ವಿಂಬಲ್ಡನ್ನಿನ ಹಳೆಯ ಕಟ್ಟಡ ಈಗ ವಾಸದ ಫ್ಲಾಟುಗಳು. ಎಕ್ಸ್‌ರೇ ವಿಭಾಗದ ಆ ಒಂದು ಕೋಣೆಯನ್ನಾದರೂ ಇದ್ದಂತೆಯೇ ಉಳಿಸಿಕೊಂಡಿದ್ದರೆ, ರೇಡಿಯಾಲಜಿ ಓದಿ ಲಂಡನ್ನಿಗೆ ಹೋಗುವ ನಮ್ಮ ಹುಡುಗ ಹುಡುಗಿಯರು ಒಮ್ಮೆ ಹೋಗಿ ನೋಡಿಬರಬಹುದಿತ್ತು.