ಕಾಣುವ ರೂಪ, ಕೇಳುವ ಸಂಕೇತ: ಸ್ಕ್ರೀನ್ ರೀಡರ್ ನಿಯಮರಚನೆಯಲ್ಲಿ ಕನ್ನಡದ ವಿಶೇಷ ಯೂನಿಕೋಡ್ ಚಿಹ್ನೆಗಳು

1. ಪ್ರಸ್ತಾವನೆ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆಯ ಹೆಸರು ಗಣಕದ ಬರಹದಲ್ಲಿ ಎರಡು ಬಗೆಯಾಗಿ ಕಾಣಸಿಗಬಹುದು: ‘ಕಂದಿಕೆರೆ’ ಮತ್ತು ‘ಕ೦ದಿಕೆರೆ’. ಕಣ್ಣಿಗೆ ಇವೆರಡೂ ಹೆಚ್ಚುಕಡಿಮೆ ಒಂದೇ. ಮೊದಲನೆಯದರಲ್ಲಿ ಕಕಾರದ ಮುಂದಿರುವುದು ಅನುಸ್ವಾರ. ಯೂನಿಕೋಡಿನಲ್ಲಿ ಅದರ ಸಂಕೇತಸಂಖ್ಯೆ, ದಶಮಾನದಲ್ಲಿ, 3202. ಎರಡನೆಯದರಲ್ಲಿರುವುದು ಕನ್ನಡದ ಅಂಕಿ ಸೊನ್ನೆ. ಅದರ ಸಂಖ್ಯೆ 3302. ನೋಡಿ ಓದುವವರು ಈ ವ್ಯತ್ಯಾಸವನ್ನು ಗಮನಿಸದೆಯೇ ಮುಂದೆ ಸಾಗುತ್ತಾರೆ. ಸ್ಕ್ರೀನ್ ರೀಡರ್ ಬಳಸುವ ಅಂಧ ಓದುಗರಿಗೆ ಮಾತ್ರ ಹೆಸರಿನ ನಡುವೆ ‘ಸೊನ್ನೆ’ ಎಂಬ ಪದ ಕೇಳಿಬರುವ ಸಂಭವವಿದೆ. ಊರಿನ ಹೆಸರು ತುಂಡಾಗುತ್ತದೆ.

ಸ್ಕ್ರೀನ್ ರೀಡರ್ ಅಕ್ಷರದ ಆಕಾರವನ್ನು ನೋಡುವುದಿಲ್ಲ, ಸಂಕೇತವನ್ನು ಓದುತ್ತದೆ. ಆದುದರಿಂದ ವಿಶೇಷ ಚಿಹ್ನೆಗಳ ನಿರ್ವಹಣೆ ಕೇವಲ ತಾಂತ್ರಿಕ ಪ್ರಶ್ನೆಯಲ್ಲ. ಲಿಪಿಗೂ ಉಚ್ಚಾರಣೆಗೂ ಇರುವ ಸಂಬಂಧದ ಪ್ರಶ್ನೆ. ಇಂತಹ ಚಿಹ್ನೆಗಳನ್ನು ಮೌನವಾಗಿರಬೇಕಾದವು, ರೂಪ ಸರಿಯಿದ್ದು ಸಂಕೇತ ತಪ್ಪಿದವು, ಬರೆಯುವ ಸ್ಥಾನಕ್ಕಿಂತ ಬೇರೆ ಸ್ಥಾನದಲ್ಲಿ ಉಚ್ಚರಿಸಬೇಕಾದವು ಎಂದು ಮೂರು ವರ್ಗಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಬೇಕಾದ ನಿಯಮದ ಸ್ವರೂಪವನ್ನು ವಿವರಿಸುವುದು ಈ ಲೇಖನದ ಉದ್ದೇಶ.

2. ನಿಯಮಗಳು ಇರುವ ಎಡೆ

ಮುಕ್ತ ತಂತ್ರಾಂಶವಾದ ಎನ್‌ವಿಡಿಎಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರಲ್ಲಿ ಪಠ್ಯವು ಧ್ವನಿ ಎಂಜಿನ್ನನ್ನು ತಲುಪುವ ಮುನ್ನ ಎರಡು ಹಂತಗಳನ್ನು ದಾಟುತ್ತದೆ. ಮೊದಲನೆಯದು ಉಚ್ಚಾರಣಾ ನಿಘಂಟು. ಇಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಷನ್ ಬಳಸಿ ಪಠ್ಯದ ಭಾಗಗಳನ್ನು ಬದಲಿಸಬಹುದು, ಹಿಂದುಮುಂದು ಮಾಡಬಹುದು. ಎರಡನೆಯದು ಚಿಹ್ನೆಗಳ ಪಟ್ಟಿ. ಯಾವ ಚಿಹ್ನೆಯನ್ನು ಯಾವ ಪದದಿಂದ, ಯಾವ ಮಟ್ಟದಲ್ಲಿ ಓದಬೇಕೆಂಬುದು ಇಲ್ಲಿ ನಿರ್ಧಾರವಾಗುತ್ತದೆ.

ಕನ್ನಡಕ್ಕೆ ನಿಯಮ ಬರೆಯುವವರು ಆರಂಭದಲ್ಲಿಯೇ ಒಂದು ತೊಡಕನ್ನು ಗಮನಿಸಬೇಕು. ಪೈಥಾನ್ ಭಾಷೆಯ ಮೂಲ ರೆಗ್ಯುಲರ್ ಎಕ್ಸ್‌ಪ್ರೆಷನ್ ವ್ಯವಸ್ಥೆಯು ಸ್ವರಚಿಹ್ನೆ, ಅನುಸ್ವಾರ ಮತ್ತು ವಿರಾಮಚಿಹ್ನೆಗಳನ್ನು ‘ಪದದ ಅಕ್ಷರ’ಗಳೆಂದು ಎಣಿಸುವುದಿಲ್ಲ, ಅಂಕಿಗಳನ್ನು ಎಣಿಸುತ್ತದೆ. ಇದರ ಫಲ ವಿಚಿತ್ರ: ‘ಕ೦ದಿಕೆರೆ’ಯ ತಪ್ಪು ಸೊನ್ನೆ ಪದದ ಭಾಗವೆನಿಸುತ್ತದೆ, ‘ಕಂದಿಕೆರೆ’ಯ ಸರಿಯಾದ ಅನುಸ್ವಾರ ಪದದ ಹೊರಗಿನದೆನಿಸುತ್ತದೆ. ಎಕಾರದ ಚಿಹ್ನೆಯಿಂದ ಮುಗಿಯುವ ಈ ಹೆಸರನ್ನು ‘ಪದದ ಅಂಚು’ ಎಂಬ ಷರತ್ತಿನಿಂದ ಹುಡುಕಿದರೆ ಅದು ಸಿಗುವುದಿಲ್ಲ. ಚಿಹ್ನೆಯ ನಂತರದ ಖಾಲಿ ಜಾಗವನ್ನು ಯಂತ್ರ ಅಂಚೆಂದು ಗುರುತಿಸದು. ಆದ್ದರಿಂದ ಕನ್ನಡ ವಿಭಾಗದ 3200ರಿಂದ 3327ರವರೆಗಿನ ಸಂಕೇತಗಳನ್ನು ಹೆಸರಿಸಿಯೇ ಅಂಚನ್ನು ನಿರೂಪಿಸಬೇಕಾಗುತ್ತದೆ.

3. ಮೌನವಾಗಿರಬೇಕಾದ ಚಿಹ್ನೆಗಳು

‘ಕ್ವಿಂಟಾಲ್‌ಗೆ’ ಎಂಬ ಪದದಲ್ಲಿ ಲಕಾರದ ವಿರಾಮದ ನಂತರ ಅಗಲವಿಲ್ಲದ ಒಂದು ಬೇರ್ಪಡಿಕೆಯ ಸಂಕೇತ (8204) ಅಡಗಿದೆ. ಅದಿಲ್ಲದಿದ್ದರೆ ಗಕಾರವು ಲಕಾರದ ಒತ್ತಕ್ಷರವಾಗುತ್ತದೆ. ‘ರ‍್ಯಾಂಕ್’ ಎಂಬಲ್ಲಿ ರಕಾರ ಮತ್ತು ವಿರಾಮಗಳ ನಡುವೆ ಜೋಡಣೆಯ ಸಂಕೇತ (8205) ಇದ್ದು, ರಕಾರ ಅರ್ಕಾವತ್ತಾಗುವುದನ್ನು ತಡೆಯುತ್ತದೆ. ಇವೆರಡೂ ರೂಪವನ್ನು ನಿಯಂತ್ರಿಸುತ್ತವೆಯೇ ಹೊರತು ಧ್ವನಿಯನ್ನಲ್ಲ.

ಆದುದರಿಂದ ಓಟದ ಓದಿನಲ್ಲಿ ಇವನ್ನು ಸಂಪೂರ್ಣವಾಗಿ ತೆಗೆಯಬೇಕು. ಖಾಲಿ ಜಾಗವಾಗಿ ಬದಲಿಸಬಾರದು. ಬದಲಿಸಿದರೆ ವಿಭಕ್ತಿಪ್ರತ್ಯಯವು ಪ್ರಕೃತಿಯಿಂದ ಬೇರ್ಪಟ್ಟು ‘ಕ್ವಿಂಟಾಲ್’, ‘ಗೆ’ ಎಂದು ಎರಡು ಪದಗಳಾಗುತ್ತವೆ. ಪದಪಟ್ಟಿಯೊಡನೆ ಹೋಲಿಸುವಾಗಲೂ ಎರಡೂ ಕಡೆಯಿಂದ ಇವನ್ನು ತೆಗೆದಿರಬೇಕು. ಇಲ್ಲವಾದರೆ ಒಂದೇ ಪದ ಎರಡಾಗಿ ಎಣಿಕೆಗೊಳ್ಳುತ್ತದೆ.

4. ರೂಪ ಸರಿ, ಸಂಕೇತ ತಪ್ಪು

ಸೊನ್ನೆಯ ತಿದ್ದುಪಡಿ ಸುಲಭ. ವ್ಯಂಜನ, ಸ್ವರ ಅಥವಾ ಸ್ವರಚಿಹ್ನೆಯ ಬೆನ್ನಿಗೇ ಒಂಟಿ ಸೊನ್ನೆ ಬಂದು, ಅದರ ಮುಂದೆ ಬೇರೆ ಅಂಕಿ ಇಲ್ಲದಿದ್ದರೆ ಅದನ್ನು ಅನುಸ್ವಾರವೆಂದು ತಿಳಿಯಬಹುದು.

ಅಂಕಿ ಒಂಬತ್ತರ ವಿಷಯ ಹಾಗಲ್ಲ. ಆಕಾರಸಾಮ್ಯದಿಂದ ಅರ್ಕಾವತ್ತಿನ ಜಾಗದಲ್ಲಿ ‘೯’ ಬರೆಯುವ ರೂಢಿಯಿದೆ. ತೀ.ನಂ. ಶ್ರೀಕಂಠಯ್ಯನವರ ಹುಟ್ಟೂರಾದ, ಇದೇ ತಾಲ್ಲೂಕಿನ ತೀರ್ಥಪುರವು ‘ತೀಥ೯ಪುರ’ ಎಂದಾಗುತ್ತದೆ. ಇಲ್ಲಿ ಸಂಕೇತವೊಂದೇ ಅಲ್ಲ, ಕ್ರಮವೂ ತಪ್ಪಿದೆ. ಅರ್ಕಾವತ್ತು ಬರಹದಲ್ಲಿ ಅಕ್ಷರದ ನಂತರ ಕಾಣಿಸುತ್ತದೆ, ಉಚ್ಚಾರಣೆಯಲ್ಲಿ ಮೊದಲು ಬರುತ್ತದೆ. ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನೇ ಅನುಸರಿಸಿ ರಕಾರವನ್ನೂ ವಿರಾಮವನ್ನೂ ಮುಂಚೆ ಇರಿಸುತ್ತದೆ. ನಿಯಮವು ‘೯’ರ ಹಿಂದಿನ ಇಡೀ ಸಂಯುಕ್ತಾಕ್ಷರವನ್ನು ದಾಟಿ ‘ರ್’ ಅನ್ನು ಕೂಡಿಸಬೇಕು. ‘ಸಾಮಥ್ಯ೯’ದಲ್ಲಿ ಕೊನೆಯ ವ್ಯಂಜನವನ್ನಷ್ಟೇ ದಾಟಿದರೆ ಸಿಗುವುದು ‘ಸಾಮಥ್ರ್ಯ’. ‘ಥ್ಯ’ವನ್ನು ಪೂರ್ತಿ ದಾಟಿದರೆ ‘ಸಾಮರ್ಥ್ಯ’.

ಅಪಾಯವಿರುವುದು ನಿಜವಾದ ಒಂಬತ್ತು ಇರುವಲ್ಲಿ. ‘ಪುಟ೯’ ಎಂದು ಜಾಗ ಬಿಡದೆ ಬರೆದುದನ್ನು ಈ ನಿಯಮ ‘ಪುರ್ಟ’ ಮಾಡುತ್ತದೆ. ಜಮೀನಿನ ದಾಖಲೆಯಲ್ಲಿ ‘ಸರ್ವೆ೯’ ಎಂದಿದ್ದರೆ ಸಂಖ್ಯೆಯೇ ಮಾಯವಾಗುತ್ತದೆ. ‘ತೀಥ೯ಪುರ’ ಎಂದು ಕೇಳಿದ ಓದುಗ ತಪ್ಪನ್ನು ಊಹಿಸಿ ಸರಿಪಡಿಸಿಕೊಳ್ಳಬಲ್ಲ. ಮಾಯವಾದ ಸರ್ವೆ ನಂಬರನ್ನು ಊಹಿಸಲಾರ. ಹೀಗಾಗಿ ಅನುಸ್ವಾರದ ನಂತರದ ಒಂಬತ್ತನ್ನು ಯಾವಾಗಲೂ ಅಂಕಿಯೆಂದೇ ಬಿಡಬೇಕು. ಅರ್ಕಾವತ್ತು ಅನುಸ್ವಾರಕ್ಕಿಂತ ಮುಂಚೆ ಬರುವುದೇ ಬರಹದ ಕ್ರಮ. ಉಳಿದೆಡೆ, ತಿದ್ದಿದ ರೂಪವು ಪದಪಟ್ಟಿಯಲ್ಲಿ ಇದ್ದರೆ ಮಾತ್ರ ತಿದ್ದಬೇಕು.

5. ಸ್ಥಾನ ಬದಲಿಸುವ ಚಿಹ್ನೆಗಳು

ತೆಂಗಿನ ಸೀಮೆಯಲ್ಲಿ ಕೊಬ್ಬರಿ ಧಾರಣೆ ದಿನನಿತ್ಯದ ಓದು. ‘ಕ್ವಿಂಟಾಲ್‌ಗೆ ₹500 ಏರಿಕೆ’ ಎಂಬಂಥ ವಾಕ್ಯದಲ್ಲಿ 2010ರಲ್ಲಿ ಯೂನಿಕೋಡನ್ನು ಸೇರಿದ ರೂಪಾಯಿ ಚಿಹ್ನೆ (8377) ಸಂಖ್ಯೆಗಿಂತ ಮೊದಲು ಬರುತ್ತದೆ. ಮಾತಿನಲ್ಲಿ ‘ಐನೂರು ರೂಪಾಯಿ’. ಶೇಕಡಾ ಚಿಹ್ನೆ ಇದಕ್ಕೆ ವಿರುದ್ಧ: ಬರಹದಲ್ಲಿ ‘10%’, ಮಾತಿನಲ್ಲಿ ‘ಶೇಕಡಾ ಹತ್ತು’. ಚಿಹ್ನೆಗಳ ಪಟ್ಟಿಯಲ್ಲಿ ಇವಕ್ಕೆ ಹೆಸರು ಕೊಟ್ಟರಷ್ಟೇ ಸಾಲದು. ನಿಘಂಟಿನ ಹಂತದಲ್ಲಿ ಸ್ಥಾನ ಬದಲಿಸಬೇಕು.

ಪ್ರತ್ಯಯ ಸೇರಿದಾಗ ಇವೆರಡರ ನಡತೆ ಬೇರೆಯಾಗುತ್ತದೆ. ‘10%ರಷ್ಟು’ ಎಂಬಲ್ಲಿ ಶೇಕಡಾ ಮುಂದಕ್ಕೆ ಹೋದರೆ ‘ಶೇಕಡಾ ಹತ್ತರಷ್ಟು’ ಉಳಿಯುತ್ತದೆ. ಪ್ರತ್ಯಯ ಸಂಖ್ಯೆಗೇ ಸೇರಿರುವುದರಿಂದ ಕೆಡುವುದಿಲ್ಲ. ‘₹500ಕ್ಕೆ’ ಎಂಬಲ್ಲಿ ಪ್ರತ್ಯಯ ‘ಐನೂರು’ ಎಂಬುದಕ್ಕೆ ಹೊಂದಿಕೊಂಡಿದೆ. ರೂಪಾಯಿ ನಡುವೆ ಬಂದೊಡನೆ ಅದು ಇಕಾರಾಂತ ನಾಮಪದಕ್ಕೆ ಸೇರಿ ‘ಐನೂರು ರೂಪಾಯಿಗೆ’ ಎಂದಾಗಬೇಕು, ‘ರೂಪಾಯಿಕ್ಕೆ’ ಕನ್ನಡವಲ್ಲ. ಆದ್ದರಿಂದ ರೂಪಾಯಿಯ ನಿಯಮಕ್ಕೆ ಪ್ರತ್ಯಯಭೇದಗಳ ಕೋಷ್ಟಕವೊಂದು ಜೊತೆಗಿರಬೇಕು.

6. ಹೆಸರಿನ ಪ್ರಶ್ನೆ

ಹಳಗನ್ನಡದ ಪಠ್ಯಗಳಲ್ಲಿ ‘ಕೆರೆ’ಯು ‘ಕೆಱೆ’ಯಾಗಿರುತ್ತದೆ; ‘ೞ’ಕಾರವೂ ಬರುತ್ತದೆ. ೞಕಾರಕ್ಕೆ (3294) ಯೂನಿಕೋಡಿನ ಅಧಿಕೃತ ಪಟ್ಟಿಯಲ್ಲಿ ‘ಫ’ಕಾರವನ್ನು ಸೂಚಿಸುವ ಹೆಸರು ತಪ್ಪಾಗಿ ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನೀತಿಯಿಂದಾಗಿ ಅದು ಹಾಗೆಯೇ ಉಳಿದು, ಸರಿಯಾದ ಹೆಸರು ಪರ್ಯಾಯವಾಗಿ ಮಾತ್ರ ಸೇರಿದೆ. ಅಧಿಕೃತ ಹೆಸರುಗಳಿಂದ ಯಾಂತ್ರಿಕವಾಗಿ ತಯಾರಿಸಿದ ಪಟ್ಟಿ ಶಾಸನಪಠ್ಯ ಓದುವ ವಿದ್ಯಾರ್ಥಿಯನ್ನು ದಾರಿತಪ್ಪಿಸುತ್ತದೆ. ಚಿಹ್ನೆಗಳ ಪಟ್ಟಿಯನ್ನು ಭಾಷೆ ಬಲ್ಲವರು ಪರಿಶೀಲಿಸಬೇಕೆನ್ನಲು ಇದೊಂದೇ ಸಾಕು.

7. ಸಮಾರೋಪ

ಮೇಲಿನ ಚರ್ಚೆಯಿಂದ ಒಂದು ತತ್ತ್ವ ಹೊರಡುತ್ತದೆ: ತಿದ್ದುಪಡಿ ಓಟದ ಓದಿಗೆ ಮಾತ್ರ ಸಲ್ಲಬೇಕು. ಓದುಗ ಒಂದೊಂದೇ ಅಕ್ಷರವನ್ನು ಪರೀಕ್ಷಿಸುವಾಗ ಯಂತ್ರವು ಪಠ್ಯದಲ್ಲಿ ಇರುವುದನ್ನು ಇರುವಂತೆಯೇ ಹೇಳಬೇಕು. ಸೊನ್ನೆಯನ್ನು ಸೊನ್ನೆಯೆಂದು, ಅಡಗಿದ ಬೇರ್ಪಡಿಕೆಯನ್ನು ಬೇರ್ಪಡಿಕೆಯೆಂದು. ಮೂಲಪಠ್ಯವನ್ನಂತೂ ನಿಯಮ ಮುಟ್ಟಬಾರದು. ಅಂಧ ಓದುಗರೂ ಬರೆಯುವವರೇ, ಕರಡು ತಿದ್ದುವವರೇ. ಸರಾಗವಾದ ಓದಿಗಾಗಿ ತಪ್ಪನ್ನು ಅವರಿಂದ ಮುಚ್ಚಿಟ್ಟರೆ, ಅದನ್ನು ತಿದ್ದುವ ಅಧಿಕಾರವನ್ನೂ ಅವರಿಂದ ಕಸಿದಂತಾಗುತ್ತದೆ.