ಇನ್ನೂರರೊಳಗಿನ ಲೆಕ್ಕ

ಶಿಡ್ಲಘಟ್ಟದ ಕಡೆ ನೂರು ಮೊಟ್ಟೆ ಮೇಯಿಸುವ ರೈತನ ಮನೆಯಲ್ಲಿ ಸುಮಾರು ನಲವತ್ತು ಸಾವಿರ ರೇಷ್ಮೆಹುಳುಗಳಿರುತ್ತವೆ. ಯಾವ ಹುಳು ಸತ್ತೀತು, ಯಾವುದು ಗೂಡು ಕಟ್ಟೀತು ಎಂದು ಆತ ಹೇಳಲಾರ. ಒಟ್ಟು ಎಷ್ಟು ಕಿಲೋ ಗೂಡಾದೀತೆಂದು ಹೇಳಬಲ್ಲ. ಪ್ರತಿ ಹುಳುವೂ ಬದುಕುವ ಸಂಭಾವ್ಯತೆ ನೂರಕ್ಕೆ 80 ಎಂದಿಟ್ಟುಕೊಳ್ಳೋಣ. 10,000 ಹುಳುಗಳಲ್ಲಿ 8,000 ಉಳಿಯಬೇಕು; ಆಕಸ್ಮಿಕದ ಏರುಪೇರು ಸಾಮಾನ್ಯವಾಗಿ 40ರಷ್ಟು, ಅಂದರೆ ಶೇಕಡಾ ಅರ್ಧ. ಹತ್ತೇ ಹುಳುಗಳಿದ್ದರೋ, ಆರು ಉಳಿದರೂ ಹತ್ತೂ ಉಳಿದರೂ ಆಶ್ಚರ್ಯಪಡಬೇಕಾದುದಿಲ್ಲ.

ಈ ಮಾತನ್ನು ಎತ್ತಲು ಕಾರಣ ಒಂದು ಬಾವಲಿ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳು 2007ರವರೆಗೆ ಯಾವ ಜಿಲ್ಲೆಗೆ ಸೇರಿದ್ದವೋ ಆ ಕೋಲಾರದ ಹೆಸರನ್ನೇ ಹೊತ್ತ ಎಲೆಮೂಗಿನ ಬಾವಲಿ ಅದು. 1994ರಲ್ಲಿ ವಿಜ್ಞಾನಿಗಳು ಅದನ್ನು ಹೊಸ ಪ್ರಭೇದವೆಂದು ವರ್ಣಿಸಿದರು. ಹನುಮನಹಳ್ಳಿ, ತೇರಹಳ್ಳಿಗಳ ಗುಹೆಗಳ ಹೊರತು ಅದು ಬೇರೆಲ್ಲೂ ಕಂಡುಬಂದಿಲ್ಲ. ತೇರಹಳ್ಳಿಯಲ್ಲಿ ಈಗ ಅದಿಲ್ಲ. ಗ್ರಾನೈಟ್ ಗಣಿಗಾರಿಕೆ ಅದಕ್ಕೆ ಕಾರಣವೆನ್ನುತ್ತಾರೆ. ಉಳಿದವು ಇನ್ನೂರಕ್ಕಿಂತ ಕಡಿಮೆಯೆಂದು ಅಂದಾಜು. 2016ರಲ್ಲಿ ಅದನ್ನು ಅತ್ಯಂತ ಅಪಾಯದಂಚಿನ ಜೀವಿಗಳ ಪಟ್ಟಿಯಲ್ಲಿ ಸೇರಿಸಲಾಯಿತು.

ಇಷ್ಟು ಸಣ್ಣ ಸಂತತಿಯ ಭವಿಷ್ಯವನ್ನು ಗಣಿತ ಹೇಗೆ ನೋಡುತ್ತದೆ? ಇಂಗ್ಲೆಂಡಿನ ಗಾಲ್ಟನ್ ಮತ್ತು ವಾಟ್ಸನ್ 1874ರಲ್ಲಿ ಮನೆತನದ ಹೆಸರುಗಳು ಅಳಿದುಹೋಗುವುದನ್ನು ಲೆಕ್ಕಕ್ಕೆ ತಂದರು. ದಾರಿ ಅಲ್ಲಿಂದ ತೆರೆಯಿತು. ಹತ್ತು ಹುಟ್ಟಿಗೆ ಒಂಬತ್ತು ಸಾವು ಎಂಬಂತೆ ಬೆಳೆಯುತ್ತಿರುವ ಸಂತತಿಯೂ, ಒಂದೇ ಜೀವಿಯಿಂದ ಹೊರಟರೆ, ಅಳಿಯುವ ಸಂಭಾವ್ಯತೆ 0.9. ಗಂಡು ಹೆಣ್ಣಿನ ಭೇದವನ್ನು ಈ ಸರಳ ಮಾದರಿ ಬದಿಗಿಟ್ಟಿದೆ. ಎಷ್ಟು ಜೀವಿಗಳಿವೆಯೋ ಅಷ್ಟು ಬಾರಿ 0.9ನ್ನು ಗುಣಿಸಿದರಾಯಿತು. ಹತ್ತು ಜೀವಿಗಳಿಗೆ ಅದು ನೂರರಲ್ಲಿ 35. ನೂರು ಜೀವಿಗಳಿಗೆ ಲಕ್ಷದಲ್ಲಿ ಮೂರೂ ಇಲ್ಲ.

ಹಾಗಾದರೆ ನೂರೈವತ್ತು ಬಾವಲಿಗಳು ಸುರಕ್ಷಿತವಲ್ಲವೆ? ಇಲ್ಲಿಯೇ ಎಡವುವುದು. ಒಂದರ ಸಾವಿಗೂ ಇನ್ನೊಂದರ ಸಾವಿಗೂ ಸಂಬಂಧವಿಲ್ಲದಿದ್ದರೆ ಮಾತ್ರ ಹೀಗೆ ಗುಣಿಸಬಹುದು. ಹುಳುಮನೆಗೆ ಹಾಲುತೊಂಡೆ ರೋಗ ಹೊಕ್ಕರೆ ನಲವತ್ತು ಸಾವಿರವೆಂಬ ಸಂಖ್ಯೆ ರೈತನನ್ನು ಕಾಯುವುದಿಲ್ಲ. ಒಂದೇ ಗುಹೆಯ ಬಾವಲಿಗಳ ಸ್ಥಿತಿಯೂ ಅದೇ. ಬಂಡೆ ಒಡೆದರೆ ಎಲ್ಲಕ್ಕೂ ಒಟ್ಟಿಗೆ ಒಡೆಯುತ್ತದೆ.

ಗುಹೆಯೊಂದು ಒಂದು ವರ್ಷದಲ್ಲಿ ನಾಶವಾಗುವ ಸಂಭಾವ್ಯತೆ ನೂರರಲ್ಲಿ ಎರಡು ಎಂದು ಊಹಿಸೋಣ. ಇದು ಅಳೆದದ್ದಲ್ಲ, ನಾನು ಲೆಕ್ಕಕ್ಕೆಂದು ಇಟ್ಟುಕೊಂಡದ್ದು. ಒಂದು ಗುಹೆ ಐವತ್ತು ವರ್ಷ ಉಳಿಯುವ ಸಂಭಾವ್ಯತೆ ನೂರರಲ್ಲಿ 36. ಪರಸ್ಪರ ದೂರದ ಎರಡು ಗುಹೆಗಳಿದ್ದರೆ, ಅವುಗಳಲ್ಲಿ ಒಂದಾದರೂ ಉಳಿಯುವ ಸಂಭಾವ್ಯತೆ ಸುಮಾರು 60. ತೇರಹಳ್ಳಿಯೊಡನೆ ಕೈತಪ್ಪಿದ್ದು ಈ ಅಂತರ.