ರೋಹಿಣಿಯ ಬೆಳಕು

ಖಗೋಳಶಾಸ್ತ್ರವು ಕಲಾ ವಿಭಾಗದ ನಮಗೆ ಸಂಬಂಧಪಟ್ಟದ್ದಲ್ಲವೆಂದು ನಾನೂ ಬಹುಕಾಲ ಭಾವಿಸಿದ್ದೆ. ಕಳೆದ ಬೇಸಗೆಯ ರಜೆಗೆ ಊರಿಗೆ ಹೋಗುವಾಗ ಆ ವಿಷಯದ ಪುಸ್ತಕವೊಂದನ್ನು ಕೊಂಡೊಯ್ದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆಗ ರೋಹಿಣಿ ಮಳೆಯ ಕಾಲ. ಓದು ಬಾರದ ಅಜ್ಜಿಗೆ ರೋಹಿಣಿ ನಕ್ಷತ್ರವನ್ನು ತೋರಿಸಿ ನನ್ನ ವಿದ್ಯೆಯನ್ನು ಮೆರೆಯಬೇಕೆಂದು, ಮೋಡವಿಲ್ಲದ ಒಂದು ರಾತ್ರಿ ಅಂಗಳದಲ್ಲಿ ನಿಂತು ಹುಡುಕಿಯೇ ಹುಡುಕಿದೆ, ಕಾಣಲಿಲ್ಲ. ಅಜ್ಜಿ ನಕ್ಕು, "ಮಳೆ ಚುಕ್ಕಿ ಮಳೇಲಿ ಎಲ್ಲಪ್ಪ ಕಂಡಾತು? ಸೂರ್ಯನ ಜೊತೇಲಿ ಅಡಗಿರ್ತದೆ. ದೀಪಾವಳಿ ಕಳೀಲಿ, ಬೇಡ ಅಂದ್ರೂ ಕಾಣ್ತದೆ" ಎಂದಳು.

ಪುಸ್ತಕವನ್ನು ತೆರೆದು ನೋಡಿದರೆ ಅಜ್ಜಿಯ ಮಾತೇ ನಿಜ. ಭೂಮಿಯು ಸೂರ್ಯನನ್ನು ವರ್ಷಕ್ಕೊಮ್ಮೆ ಸುತ್ತುವುದರಿಂದ, ಸೂರ್ಯನೇ ನಕ್ಷತ್ರಗಳ ನಡುವೆ ಸರಿದಂತೆ ನಮಗೆ ತೋರುತ್ತದೆ. ಆ ದಾರಿಗೆ ಕ್ರಾಂತಿವೃತ್ತವೆಂದು ಹೆಸರು. ಹಿರಿಯರು ಅದನ್ನು 27 ಪಾಲು ಮಾಡಿ ಒಂದೊಂದಕ್ಕೂ ನಕ್ಷತ್ರದ ಹೆಸರಿಟ್ಟರು. ಸೂರ್ಯನು ಒಂದೊಂದು ಪಾಲಿನಲ್ಲಿ ಹದಿಮೂರು ಹದಿನಾಲ್ಕು ದಿನವಿರುತ್ತಾನೆ. ಮೇ ತಿಂಗಳ ಕೊನೆಯಲ್ಲಿ ಅವನು ರೋಹಿಣಿಯ ಪಾಲಿಗೆ ಬಂದಾಗ ಬೀಳುವುದೇ ರೋಹಿಣಿ ಮಳೆ. ಆಗ ಆ ನಕ್ಷತ್ರ ಹಗಲಿನ ಬೆಳಕಿನಲ್ಲಿ ಮರೆಯಾಗಿರುತ್ತದೆ.

ಪಂಚಾಂಗದಲ್ಲಿ ನಕ್ಷತ್ರವೆಂದರೆ ಹೀಗೆ ಆಕಾಶದ ಒಂದು ಪಾಲು. ಖಗೋಳಶಾಸ್ತ್ರದಲ್ಲಾದರೋ ಸ್ವಂತ ಬೆಳಕುಳ್ಳ ಉರಿಯುವ ಗೋಳ. ಪಂಚಾಂಗದ ಗ್ರಹವಾದ ಸೂರ್ಯನು ಇಲ್ಲಿ ಒಂದು ನಕ್ಷತ್ರ. ಅವನನ್ನು ಸುತ್ತುತ್ತ ಅವನ ಬೆಳಕಿನಿಂದಲೇ ಹೊಳೆಯುವ ಬುಧ, ಶುಕ್ರ, ಗುರು ಮೊದಲಾದವು ಗ್ರಹಗಳು.

ಇನ್ನು ಜ್ಯೋತಿರ್ವರ್ಷ. ಹೆಸರಿನಲ್ಲಿ ವರ್ಷವಿದ್ದರೂ ಇದು ಕಾಲದ ಅಳತೆಯಲ್ಲ, ದೂರದ ಅಳತೆ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಸಾಗುತ್ತದೆ. ಸೂರ್ಯನಿಂದ ನಮ್ಮನ್ನು ಮುಟ್ಟಲು ಅದಕ್ಕೆ ಎಂಟು ನಿಮಿಷಕ್ಕಿಂತ ತುಸು ಹೆಚ್ಚು ಸಾಕು. ಅದೇ ಬೆಳಕು ಒಂದು ವರ್ಷದಲ್ಲಿ ಕ್ರಮಿಸುವ ದೂರವೇ ಒಂದು ಜ್ಯೋತಿರ್ವರ್ಷ. ಅಂದರೆ ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರು. ರೋಹಿಣಿ ಇರುವುದು ಸುಮಾರು 65 ಜ್ಯೋತಿರ್ವರ್ಷಗಳಾಚೆ.

ದೀಪಾವಳಿ ಕಳೆದ ಮೇಲೆ ಮತ್ತೆ ಊರಿಗೆ ಹೋದೆ. ಸಂಜೆ ಪೂರ್ವದಲ್ಲಿ ಕೃತ್ತಿಕೆಯ ಗೊಂಚಲಿನ ಹಿಂದೆಯೇ ಕೆಂಪು ಛಾಯೆಯ ರೋಹಿಣಿ ಮೂಡಿತು. ಅಜ್ಜಿಗೀಗ ಅರವತ್ತೈದರ ಆಸುಪಾಸು. "ಅಜ್ಜಿ, ಈ ಬೆಳಕು ಅಲ್ಲಿಂದ ಹೊರಟಾಗ ನೀನು ತೊಟ್ಟಿಲ ಕೂಸು" ಎಂದೆ. ಅವಳು ಬಹಳ ಹೊತ್ತು ನೋಡಿ, "ಹಂಗಾದ್ರೆ ಈವತ್ತು ಹೊರಟದ್ದನ್ನ ನೀನು ನೋಡ್ಕೊ" ಎಂದಳು. ಲೆಕ್ಕ ಹಾಕಿದೆ: ಆಗ ನನಗೆ ಎಂಬತ್ತೈದು.